ಅತ್ತೆಯ ಮುಖದ ಕೆಳಗೆ ಐದು ಅಕ್ಷರ

ನನಗೆ ಓದಲು ಬಂದದ್ದು ಅನುಮಾನದಿಂದ. ಬೇರೆಯವರು ಮೇಷ್ಟರ ಮುಂದೆ ಕೂತು ಕಲಿತರು, ನಾನು ಯಾರನ್ನೂ ನಂಬಲಾಗದೆ ಕಲಿತೆ. ಅದಕ್ಕೇ ಇವತ್ತಿಗೂ ನನ್ನ ಬರವಣಿಗೆ ನಿಧಾನ. ಒಂದು ಸಾಲು ಬರೆದರೆ ಎರಡು ಸಲ ಓದಿ ನೋಡುತ್ತೇನೆ, ನಾನೇ ಬರೆದದ್ದಾದರೂ.

ನನ್ನ ತವರು ಶಿಕಾರಿಪುರದ ಆಚೆ, ಬಯಲು ಶುರುವಾಗುವ ಕಡೆ. ಕೊಟ್ಟದ್ದು ಸೊರಬ ತಾಲ್ಲೂಕಿಗೆ, ಆನವಟ್ಟಿಯಿಂದ ಒಂದು ಗಂಟೆ ನಡೆದರೆ ಸಿಗುವ ಊರಿಗೆ. ದೂರವೇನೂ ಅಲ್ಲ. ಆದರೂ ನಾನು ಬಾಯಿ ಬಿಟ್ಟರೆ ಅತ್ತೆಗೆ ಯಾರೋ ಪರದೇಶದವಳು ಮಾತಾಡಿದ ಹಾಗೆ ಆಗುತ್ತಿತ್ತು. ನಾನು 'ಐತ್ರಿ' ಅಂದರೆ 'ಎಂತದು?' ಅನ್ನುವರು. ಎರಡನೇ ಸಲ ಹೇಳಿಸುವರು, ಪಕ್ಕದ ಮನೆಯವರಿಗೂ ಕೇಳಲಿ ಅಂತ. ನಾನು ಜೋಳದ ರೊಟ್ಟಿ ತಿಂದು ಬೆಳೆದವಳು. ಅವರ ಮನೆಯಲ್ಲಿ ಮೂರು ಹೊತ್ತೂ ಅಕ್ಕಿ. ಮನೆಯಲ್ಲಿ ಇದ್ದದ್ದು ಮೂರೇ ಜನ: ಅತ್ತೆ, ನಮ್ಮ ಮನೆಯವರು, ನಾನು. ಮಾವ ನಾನು ಬರುವುದಕ್ಕೆ ಮುಂಚೆಯೇ ಹೋಗಿದ್ದರು.

ಅತ್ತೆಯ ಬಾಯಲ್ಲಿ ಒಂದು ಮಾತು ಇತ್ತು. 'ಎಲ್ಲಿಂದ ಬಂತು?' ಹೊಸಿಲು ದಾಟಿ ಒಳಗೆ ಏನು ಬಂದರೂ ಮೊದಲು ಆ ಪ್ರಶ್ನೆ. ಕುಂಬಳಕಾಯಿ ಬಂದರೆ ಎಲ್ಲಿಂದ ಬಂತು. ಬೆಕ್ಕು ಬಂದರೆ ಎಲ್ಲಿಂದ ಬಂತು. ನನಗೆ ಜ್ವರ ಬಂದಾಗಲೂ ಹಣೆ ಮುಟ್ಟಿ ಅದನ್ನೇ ಕೇಳಿದರು, ನಾನು ಅದನ್ನು ಯಾರ ಮನೆಯಿಂದಲೋ ಹೊತ್ತು ತಂದ ಹಾಗೆ. ಒಮ್ಮೆ ಹಿತ್ತಲಲ್ಲಿ ನಾನೊಬ್ಬಳೇ ನಗುತ್ತಿದ್ದೆ. ಹಿಂದೆ ಬಂದು ನಿಂತು, 'ನಗು ಎಲ್ಲಿಂದ ಬಂತು?' ಅಂದರು.

ನಾನೂ ಕಮ್ಮಿ ಇರಲಿಲ್ಲ, ಅದನ್ನೂ ಹೇಳಬೇಕು. ಅವರು ಸಂಶಯ ಪಟ್ಟರೆ ಬಾಯಿ ಬಿಟ್ಟು ಕೇಳುತ್ತಿದ್ದರು, ನಾನು ಒಳಗೇ ಇಟ್ಟುಕೊಳ್ಳುತ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಕುಪ್ಪಗಡ್ಡೆಯಲ್ಲಿ ಅತ್ತೆಯ ತಮ್ಮನ ಮನೆ. ಆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಅಲ್ಲಿಂದ ಯಾರಾದರೂ ಬಂದರೆ ಅತ್ತೆ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮಾತಾಡುವರು. ಮಾತು ಕೇಳಿಸುತ್ತಿರಲಿಲ್ಲ. ಕೇಳಿಸದ ಮಾತು ನನಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ಸರ್ಕಾರದಿಂದ ನಮ್ಮೂರಿಗೆ ಒಬ್ಬ ಗ್ರಾಮಸೇವಿಕೆ ಬರತೊಡಗಿದಳು. ಬುಧವಾರ ಮಧ್ಯಾಹ್ನ ಛತ್ರಿ ಹಿಡಿದು, ಚಪ್ಪಲಿ ಮೆಟ್ಟಿ ನಡೆದು ಬಂದು ಶಾಲೆಯ ಜಗುಲಿಯಲ್ಲಿ ಕೂರುವಳು. ಮದುವೆಯಾಗದ ಹುಡುಗಿ, ಮೈಸೂರು ಕಡೆಯ ಮಾತು. ಹೊಲಿಗೆ ಕಲಿಸುತ್ತೇನೆ, ಅಕ್ಷರ ಕಲಿಸುತ್ತೇನೆ ಅಂದಳು. ಬಂದ ಮೊದಲ ದಿನವೇ ಒಂದು ಪುಸ್ತಕ ತೆಗೆದು ಎಲ್ಲರ ಹೆಸರು ಬರೆದುಕೊಂಡಳು. ಹೆಸರು ಯಾಕೆ? ಯಾರ ಮೈಮೇಲೆ ಎಷ್ಟು ಬಂಗಾರ ಇದೆ ಅಂತ ಲೆಕ್ಕ ಹಿಡಿಯುತ್ತಾರಂತೆ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ನಾನು ನನ್ನ ಹೆಸರಿನ ಬದಲು ನಮ್ಮ ಎಮ್ಮೆಯ ಹೆಸರು ಹೇಳಿದೆ. ಪಕ್ಕದಲ್ಲಿದ್ದವರು ಸೆರಗು ಬಾಯಿಗೆ ಅದುಮಿಕೊಂಡರು, ಆದರೆ ಯಾರೂ ಬಿಟ್ಟುಕೊಡಲಿಲ್ಲ. ಅವಳು ನನ್ನನ್ನು ಕೊನೆಯವರೆಗೂ ಆ ಹೆಸರಿನಿಂದಲೇ ಕರೆದಳು.

ಅವಳ ಕಲಿಸುವ ರೀತಿ ಬೇರೆ. ಸ್ಲೇಟು ಕೊಡಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಂಡು ಬಿಳಿ ಬಟ್ಟೆ ಕೊಟ್ಟಳು.

'ನಿಮ್ಮ ಮನೇಲಿ ಒಬ್ಬರ ಮುಖ ಇದರ ಮೇಲೆ ದಾರದಲ್ಲಿ ತೆಗೀರಿ. ಅವರು ದಿನಾ ಏನು ಹೇಳ್ತಾ ಇರ್ತಾರೋ ಆ ಮಾತನ್ನ ಕೆಳಗೆ ಹೊಲೀರಿ. ಅಕ್ಷರ ನಾನು ಪೆನ್ಸಿಲ್‌ನಲ್ಲಿ ಬರೆದುಕೊಡ್ತೀನಿ. ಮುಖ ನೋಡಿದರೆ ಮಾತು ನೆನಪಾಗತ್ತೆ, ಮಾತು ನೆನಪಾದರೆ ಅಕ್ಷರ ಮರೆಯಲ್ಲ.'

ಹೆಂಗಸರಿಗೆ ಅದು ಹಿಡಿಸಿತು. ಒಬ್ಬಳು ಗಂಡನ ಮಾತು 'ಎಲೆ ಅಡಿಕೆ ತಾ' ಅಂತ ಬರೆಸಿಕೊಂಡಳು. ಇನ್ನೊಬ್ಬಳು, 'ನಮ್ಮನೆಯವ್ರು ಹೇಳೋ ಮಾತು ಬಟ್ಟೆ ಮೇಲೆ ಬರೆಯೋ ಹಂಗಿಲ್ಲ ಅಕ್ಕಾವ್ರೆ' ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಅತ್ತೆಯ ಮಾತು ಹೇಳಿದೆ. ಸೇವಿಕೆ ಬರೆದಳು. ಐದು ಅಕ್ಷರ.

'ಇದು ಎ, ಇದು ಲ್ಲಿಂ, ಇದು ದ, ಇದು ಬಂ, ಇದು ತು' ಎಂದು ಬೆರಳಿಟ್ಟು ತೋರಿಸಿದಳು. ನಾನು ಐದನ್ನೂ ಹಾಡಿನ ಹಾಗೆ ಹೇಳಿಕೊಂಡೆ. ಕಲಿತೆ ಅಂದುಕೊಂಡೆ.

ಅತ್ತೆಯನ್ನು ಯಾಕೆ ಆರಿಸಿದೆ ಅಂದರೆ, ಪ್ರೀತಿಗಲ್ಲ. ಗಂಡನ ಮುಖ ತೆಗೆದರೆ ಜನ ಆಡಿಕೊಳ್ಳುತ್ತಾರೆ, ತವರಿನವರ ಮುಖ ತೆಗೆದರೆ ಅತ್ತೆ ಆಡಿಕೊಳ್ಳುತ್ತಾರೆ. ಅತ್ತೆಯದನ್ನೇ ತೆಗೆದರೆ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ನನ್ನ ಲೆಕ್ಕ. ಕುಪ್ಪಗಡ್ಡೆಯ ಮಾತೂ ಸ್ವಲ್ಪ ಹಿಂದೆ ಸರಿಯಬಹುದು ಎಂಬ ಆಸೆಯೂ ಇತ್ತು.

ಮುಖ ತೆಗೆಯುವುದು ಹೇಗೆ? ಚಿತ್ರ ಬರೆಯಲು ನನಗೆ ಬರುವುದಿಲ್ಲ. ಆದರೆ ಅತ್ತೆ ದಿನಾ ಸಂಜೆ ತಲೆಬಾಗಿಲ ಒಳಗೆ ಗೋಡೆಗೆ ಪಕ್ಕವಾಗಿ ಕೂತು ಹತ್ತಿ ಬತ್ತಿ ಹೊಸೆಯುತ್ತಿದ್ದರು. ಇಳಿಬಿಸಿಲು ಬಾಗಿಲಿಂದ ಓರೆಯಾಗಿ ಬಂದು ಅವರ ನೆರಳು ಗೋಡೆಯ ಮೇಲೆ ಸ್ಪಷ್ಟವಾಗಿ ಬೀಳುತ್ತಿತ್ತು. ಮೂಗು, ತುಟಿ, ಗದ್ದ, ಹಿಂದೆ ತುರುಬು. ಗೋಡೆಯ ಸುಣ್ಣ ಸೀರೆಗೆ ಹತ್ತಬಾರದು ಎಂದು ನೆವ ಹೇಳಿ ನಾನು ಮಧ್ಯಾಹ್ನವೇ ಅಲ್ಲಿ ಒಂದು ಹಳೇ ಪೇಪರು ಅಂಟಿಸಿಟ್ಟೆ. ನೆರಳು ಬಿದ್ದಾಗ ಹಿಂದಿನಿಂದ ಹೋಗಿ ಇದ್ದಲಿನಿಂದ ಅಂಚು ಎಳೆದೆ. ಒಂದೇ ದಿನಕ್ಕೆ ಆಗಲಿಲ್ಲ. ಅವರು ತಲೆ ಅಲ್ಲಾಡಿಸುವರು, ಬಿಸಿಲು ಜಾರುವುದು. ಒಂದು ದಿನ ಮೂಗು ಸಿಕ್ಕರೆ ಇನ್ನೊಂದು ದಿನ ಗದ್ದ. ಏಳೆಂಟು ಸಂಜೆ ಹಿಡಿಯಿತು.

ಒಂದು ದಿನ ತಿರುಗಿ ನೋಡಿಬಿಟ್ಟರು.

'ಎಂತ ಮಾಡ್ತಿದ್ದೀಯೆ ಅಲ್ಲಿ ಗೋಡೆ ಹತ್ರ?'

'ಜೇಡ ಇತ್ರಿ ಅತ್ತೆ. ತೆಗೀತಿದ್ದೆ.'

'ಜೇಡ ಎಲ್ಲಿಂದ ಬಂತು?'

ಇದ್ದಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಒಳಗೆ ಹೋದೆ. ಆ ಸುಳ್ಳು ಆಮೇಲೆ ನನ್ನ ಕುತ್ತಿಗೆಗೆ ಬಂತು.

ಬಟ್ಟೆಗೆ ಗೀಟು ಇಳಿಸಿ ಕಂದು ದಾರದಲ್ಲಿ ಮುಖ ಹೊಲಿದೆ. ಮೂಗು ಚೆನ್ನಾಗಿ ಬಂತು. ಯಾರು ನೋಡಿದರೂ ಇದು ನಮ್ಮ ಅತ್ತೆ ಅನ್ನಬೇಕು, ಹಾಗೆ ಬಂತು. ಕೆಳಗೆ ಐದು ಅಕ್ಷರವನ್ನು ಹಸಿರು ದಾರದಲ್ಲಿ ತುಂಬಿದೆ. ಅಕ್ಷರದ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿತ್ತು. ಅಲ್ಲಿ ಒಂದು ಬಳ್ಳಿ ಹೊಲಿಯಬೇಕು ಅಂತಿದ್ದೆ, ದಾರ ಮುಗಿಯಿತು. ಬಿಟ್ಟೆ.

ಗಾಜಿನ ಕಟ್ಟು ಹಾಕಿಸಿದರೆ ಸೊರಬದಲ್ಲಿ ಎಲ್ಲರಿಗೂ ತೋರಿಸುತ್ತೇವೆ ಎಂದು ಸೇವಿಕೆ ಹೇಳಿದ್ದಳು. ಆನವಟ್ಟಿ ಸಂತೆಗೆ ಹೋದಾಗ ಬಟ್ಟೆಯನ್ನು ಫೋಟೊ ಕಟ್ಟು ಹಾಕುವವನ ಅಂಗಡಿಗೆ ಒಯ್ದೆ. ಅವನು ಬಟ್ಟೆ ನೋಡಿದ, ನನ್ನ ಮುಖ ನೋಡಿದ, ಒಂದೇ ಮಾತು ಕೇಳಿದ.

'ಅತ್ತೆಯೋ, ತಾಯಿಯೋ?'

'ಅತ್ತೆ.'

'ಹೂಂ. ಸಂಜೆ ಬಾ ತಂಗಿ.'

ದನಿ ಮೆತ್ತಗೆ ಮಾಡಿ ಹೇಳಿದ. ಯಾಕೆ ಮೆತ್ತಗೆ ಮಾತಾಡಿದ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಎಲ್ಲದಕ್ಕೂ ಅನುಮಾನ ಪಡುವ ನನಗೆ ಅಲ್ಲಿ ಬರಲಿಲ್ಲ. ಸಂಜೆ ಹೋದಾಗ ಕಟ್ಟು ಸಿದ್ಧವಾಗಿತ್ತು. ಮೇಲೆ ಗಾಜು, ಸುತ್ತ ಮರ, ಒಳಗೆ ಎರಡು ಬೆರಳಗಲ ಕಪ್ಪು ಕಾಗದದ ಅಂಚು. ಅವನ ಅಂಗಡಿಯಲ್ಲಿ ದೇವರಿಗೆ ಕೆಂಪು ಅಂಚು, ಸತ್ತವರಿಗೆ ಕಪ್ಪು ಅಂಚು. ಬದುಕಿದ್ದವರಿಗೆ ಅಂಚೇ ಇರಲಿಲ್ಲ, ಬದುಕಿದ್ದವರು ಯಾರೂ ಅವನ ಹತ್ತಿರ ಬರುತ್ತಿರಲಿಲ್ಲ. ಇದು ನನಗೆ ಗೊತ್ತಾದದ್ದು ಆಮೇಲೆ. ಆವತ್ತು ನನಗೆ ಕಪ್ಪು ಚಂದ ಕಂಡಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆಗಿನ ಕಾಲದಲ್ಲಿ ನಮ್ಮಂಥ ಮನೆಗಳಲ್ಲಿ ಒಬ್ಬರ ಚಿತ್ರ ಗೋಡೆಗೆ ಬರುವುದು ಒಂದೇ ಸಲ. ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಕೈಲಾದವರು ಫೋಟೊದವನನ್ನು ಕರೆಸುತ್ತಿದ್ದರು. ಮಾವನವರದೂ ಹಾಗೆ ತೆಗೆಸಿದ್ದೇ. ಅದರ ಕೆಳಗೆ ಬಿಳಿ ಶಾಯಿಯಲ್ಲಿ 'ಲಿಂಗೈಕ್ಯ' ಎಂದು ಬರೆದು, ಅದರ ಕೆಳಗೆ ಹೆಸರು, ತಾರೀಖು. ಜೀವ ಇರುವಾಗ ಮಾವ ಕ್ಯಾಮೆರಾ ಕಂಡವರೇ ಅಲ್ಲ. ಅತ್ತೆಗೆ ಚಿತ್ರ ಅಂದರೆ ಅದು, ಅಕ್ಷರ ಅಂದರೆ ಅದರ ಕೆಳಗಿನದು. ಅಷ್ಟೇ ಅವರು ಕಂಡದ್ದು.

ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಕೂತಿದ್ದರು.

'ಎಲ್ಲಿಂದ ಬಂತು ಇದು?'

ನನಗೆ ಒಳಗೊಳಗೇ ನಗು. ಕೈಗೆ ಕೊಟ್ಟೆ. ಟವೆಲು ಬಿಚ್ಚಿದರು. ಮೊದಲು ಮೂಗು ನೋಡಿದರು, ತಮ್ಮ ಮೂಗು ಮುಟ್ಟಿಕೊಂಡರು. ಆಮೇಲೆ ಕಪ್ಪು ಅಂಚಿನ ಮೇಲೆ ಬೆರಳು ಆಡಿಸಿದರು. ಅಕ್ಷರ ನೋಡಿದರು. ಕೆಳಗಿನ ಖಾಲಿ ಜಾಗ ನೋಡಿದರು. ಎದ್ದು ಒಳಗೆ ಹೋಗಿ ಮಾವನವರ ಫೋಟೊ ಮುಂದೆ ನಿಂತರು. ಅದನ್ನು ನೋಡುವರು, ಇದನ್ನು ನೋಡುವರು. ಕೊನೆಗೆ ನನ್ನನ್ನು ಕರೆದರು.

'ಇಲ್ಲಿ ನೋಡು. ಅವರ ಕೆಳಗೆ ಮೊದಲನೇದು ಇದು, ಪಕ್ಕದಲ್ಲಿ ಸೊನ್ನೆ. ನನ್ನ ಕೆಳಗೆ ಎರಡನೇದು ಅದೇ, ಪಕ್ಕದಲ್ಲಿ ಸೊನ್ನೆ. ಹೌದೋ ಅಲ್ವೋ?'

ಹೌದೇ ಆಗಿತ್ತು.

'ಕೆಳಗೆ ಜಾಗ ಬಿಟ್ಟಿದ್ದೀಯ. ತಾರೀಖು ಆಮೇಲೆ ಹೊಲಿಯಾಕಾ?'

'ಅತ್ತೆ, ಅದು ಬಳ್ಳಿಗಂತ ಬಿಟ್ಟಿದ್ದೆ ರಿ. ದಾರ ಮುಗೀತು.'

'ಜೇಡ ತೆಗೀತಿದ್ದೆ ಅಂದೆ ಆವತ್ತು. ನನ್ನ ನೆರಳು ಹಿಡೀತಿದ್ದೆ. ಎಷ್ಟು ದಿನದಿಂದ ಕಾಯ್ತಿದ್ದೀಯೆ?'

ಅವರು ಹೇಳಿದ ಒಂದೊಂದೂ ನಿಜ, ಒಟ್ಟು ಸೇರಿಸಿದರೆ ಸುಳ್ಳು. ಅದನ್ನು ಹೇಗೆ ಹೇಳುವುದು?

ಆವತ್ತಿನಿಂದ ನನ್ನ ಕೈಯಡಿಗೆ ಮುಟ್ಟಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಾವೇ ಗಂಜಿ ಕಾಯಿಸಿಕೊಂಡರು. ನೀರನ್ನೂ ತಾವೇ ಸೇದಿಕೊಂಡರು. ಮೂರನೇ ದಿನ ಮಗನಿಗೆ ಹೇಳಿದರು, ನಾನು ಕೇಳಲಿ ಅಂತಲೇ ಗಟ್ಟಿಯಾಗಿ.

'ಅಮಾಸೆ ಕಳೀಲಿ. ಇವಳನ್ನ ಶಿಕಾರಿಪುರದ ಕಡೆಗೆ ಬಿಟ್ಟು ಬರಾಣ. ಕುಪ್ಪಗಡ್ಡೆಗೆ ನಾನು ಹೇಳಿ ಕಳಿಸ್ತೀನಿ. ನನ್ನ ಸಾವು ಹೊಲಿಯೋಳ ಜೊತೆ ಒಂದೇ ಸೂರಿನಡಿ ಇರೋದು ನನ್ನ ಕೈಲಿ ಆಗದು.'

ನಮ್ಮ ಮನೆಯವರು ನಾಲ್ಕನೇ ಕ್ಲಾಸು ಓದಿದವರು. ಕಟ್ಟನ್ನು ಕೈಗೆ ತೆಗೆದುಕೊಂಡು ಓದಿದರು. 'ಅವ್ವಾ, ಎಲ್ಲಿಂದ ಬಂತು ಅಂತ ಬರೆದದೆ. ನಿನ್ನ ಮಾತೇ.'

'ಹೆಂಡ್ತಿ ಹೇಳಿಕೊಟ್ಟಿದ್ದು ಓದಬ್ಯಾಡ. ಬರೆದಿದ್ದು ಓದು.'

'ಬರೆದಿದ್ದೇ ಓದಿದೆ ಅವ್ವಾ.'

'ಸಾವು ಅಂತ ಬರೆದಿದ್ರೆ ನೀನು ನನ್ನ ಮುಂದೆ ಓದ್ತಿದ್ಯಾ?'

ಅವರು ಕಟ್ಟನ್ನು ಗೋಡೆಗೆ ಒರಗಿಸಿಟ್ಟು ಹೊರಗೆ ಹೋದರು. ನಿಜ ಹೇಳುತ್ತೇನೆ, ಆ ಪ್ರಶ್ನೆ ನನಗೂ ನಾಟಿತು. ನಮ್ಮ ಮನೆಯವರು ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಇಬ್ಬರಿಗೂ ಹೂಂ ಅನ್ನುವವರು. ಕೆಟ್ಟದ್ದು ಬರೆದಿದ್ದರೂ ಒಳ್ಳೆಯದನ್ನೇ ಓದುವವರು. ಮಾರನೇ ದಿನ ಗದ್ದೆಗೆ ಬುತ್ತಿ ಒಯ್ದಾಗ ಒಬ್ಬರೇ ಸಿಕ್ಕಿದರು, ಕೇಳಿದೆ. ಅಲ್ಲೂ 'ಎಲ್ಲಿಂದ ಬಂತು' ಅಂತಲೇ ಹೇಳಿದರು. ನಂಬಿಕೆ ಬರಲಿಲ್ಲ.

ಬುಧವಾರ ಸೇವಿಕೆಯನ್ನು ಮನೆಗೆ ಕರೆತಂದೆ. ಅವಳು ಅತ್ತೆಯ ಮುಂದೆ ಮಂಡಿಯೂರಿ ಕೂತು ಸಮಾಧಾನವಾಗಿ ಹೇಳಿದಳು.

'ಅಮ್ಮಾ, ಇದರಲ್ಲಿರೋದು ನಿಮ್ಮ ಮಾತೇ.'

'ನನ್ನ ಮಾತು ನಿನ್ನ ಕೈಗೆ ಎಲ್ಲಿಂದ ಬಂತು?'

'ಅದೇ ಅಮ್ಮಾ, ಅದೇ ಬರೆದಿರೋದು.'

'ಕೇಳಿದ್ರೆ ಅದೇ ಅದೇ ಅಂತಾಳೆ. ನೀನು ಇರೋದು ಎಲ್ಲಿ?'

'ಕುಪ್ಪಗಡ್ಡೆಯಲ್ಲಿ. ಒಂದು ಕೋಣೆ ಮಾಡಿಕೊಂಡಿದ್ದೀನಿ.'

ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ. ಕೋಣೆ ಯಾರ ಮನೆಯ ಹತ್ತಿರ ಎಂದು ಅವಳನ್ನು ಕಳಿಸಿಕೊಡುವಾಗ ಕೇಳಿದೆ. ಅತ್ತೆಯ ತಮ್ಮನ ಮನೆಯ ಹಿಂದಿನ ಬೀದಿಯಂತೆ. ಆ ಮನೆಯವರು ಮಜ್ಜಿಗೆ ಕೊಡುತ್ತಾರಂತೆ, ಒಳ್ಳೆಯವರಂತೆ.

ನನ್ನ ತಲೆಯಲ್ಲಿ ಎಲ್ಲವೂ ಕೂಡಿಕೊಂಡಿತು. ಮಜ್ಜಿಗೆ ಸುಮ್ಮನೆ ಯಾರು ಕೊಡುತ್ತಾರೆ? ಆ ಮನೆಯವರಿಗೆ ಮಗಳನ್ನು ಇಲ್ಲಿಗೆ ಕೊಡಬೇಕು. ಅದಕ್ಕೆ ನಾನು ಹೋಗಬೇಕು. ಓದಲು ಬಾರದವಳ ಕೈಯಲ್ಲೇ ಅತ್ತೆಯ ಸಾವು ಹೊಲಿಸಿದರೆ ಕೆಲಸ ಸಲೀಸು. ಅಕ್ಷರ ಬರೆದವಳು ಅವಳು. ಅದು 'ಎಲ್ಲಿಂದ ಬಂತು' ಎಂದು ನನಗೆ ಹೇಳಿದವಳೂ ಅವಳೇ. ಬೆಳಗಾಗೆದ್ದು ಮಾವನವರ ಫೋಟೊ ಮುಂದೆ ನಿಂತು ನಾನೂ ಹೋಲಿಸಿ ನೋಡಿದೆ. ಅತ್ತೆ ತೋರಿಸಿದ ಅಕ್ಷರ ಹೌದು ಅನ್ನುವ ಹಾಗೆಯೇ ಕಂಡಿತು. ಬಟ್ಟೆಯ ಮೇಲಿನದಕ್ಕೆ ಕೆಳಗೊಂದು ಸಣ್ಣ ಕೊಕ್ಕೆ ಹೆಚ್ಚಿತ್ತು. ಆ ಕೊಕ್ಕೆ ನನಗೆ ಇನ್ನೂ ಕೆಟ್ಟದಾಗಿ ಕಂಡಿತು.

ಬಾವಿಕಟ್ಟೆಯಲ್ಲಿ ಹೇಳಿದೆ. ಅವಳು ಬರೆಯುವುದು ಒಂದು, ಹೇಳುವುದು ಒಂದು ಅಂದೆ. ನಿಮ್ಮ ಬಟ್ಟೆ ಮೇಲೆ ಏನು ಬರೆದಿದ್ದಾಳೋ ಯಾರಿಗೆ ಗೊತ್ತು ಅಂದೆ. ಅಷ್ಟು ಸಾಕಾಯಿತು. ಮುಂದಿನ ಬುಧವಾರ ಜಗುಲಿಗೆ ಇಬ್ಬರು ಹೋದರು. ಅದರ ಮುಂದಿನ ಬುಧವಾರ ಯಾರೂ ಹೋಗಲಿಲ್ಲ. ನಾನು ನೀರು ತರುವಾಗ ನೋಡಿದೆ, ಅವಳೊಬ್ಬಳೇ ಛತ್ರಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಎಮ್ಮೆಯ ಹೆಸರಿನಿಂದ ಕರೆದಳು. ನಾನು ಕೊಡ ಬಲಕ್ಕಿದ್ದದ್ದನ್ನು ಎಡಕ್ಕೆ ಬದಲಾಯಿಸಿ ಮುಂದೆ ಹೋದೆ.

ಅಮಾವಾಸ್ಯೆ ಕಳೆಯಿತು. ನಾನು ಎರಡು ಸೀರೆ ಗಂಟು ಕಟ್ಟಿದೆ. ಮಗನನ್ನು ನಂಬಿದರೆ ದಾರಿಯಲ್ಲಿ ಮನಸ್ಸು ಕರಗಿ ವಾಪಸು ಕರೆತರುತ್ತಾನೆ ಎಂದು ಅತ್ತೆ ತಾವೇ ಹೊರಟರು. ಕಟ್ಟನ್ನೂ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು.

'ಅದ್ಯಾಕ್ರಿ ಅತ್ತೆ?' ಅಂದೆ.

'ನಿಮ್ಮಪ್ಪನಿಗೆ ತೋರಿಸಬೇಡ್ವಾ, ಮಗಳ ಕೆಲಸ?'

ಆನವಟ್ಟಿಯಲ್ಲಿ ಬಸ್ಸು ಹತ್ತಿದೆವು. ಅತ್ತೆ ಕಿಟಕಿ ಪಕ್ಕ, ನಾನು ಇತ್ತ. ಸ್ವಲ್ಪ ದೂರ ಹೋದ ಮೇಲೆ ಅವರು ಮಾಡಿದ್ದನ್ನು ನಾನು ಯಾವತ್ತೂ ಮರೆಯಲಾರೆ. ಟವೆಲನ್ನು ಕಟ್ಟಿನ ಮೇಲೆ ಹೊದಿಸಿ, ಒಂದೇ ಒಂದು ಅಕ್ಷರ ಕಾಣುವ ಹಾಗೆ ಸರಿಸಿದರು. ಮೊದಲನೆಯದಲ್ಲ, ನಡುವಿನದು. ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ ತೋರಿಸಿದರು.

'ಇದೆಂತದು ಓದಪ್ಪ.'

'ದ.'

'ಬರೀ ದಾ?'

'ಬರೀ ದ. ಟವೆಲು ತೆಗೀರಿ, ಪೂರ್ತಿ ಓದ್ತೀನಿ.'

'ಬೇಡ. ನಿನ್ನ ಕೆಲಸ ನೋಡು.'

ಎಡಗೈ ನಡುಬೆರಳನ್ನು ಮಡಿಸಿಕೊಂಡರು. 'ದ' ಎಂದು ಮೆಲ್ಲಗೆ ಹೇಳಿಕೊಂಡರು. ಆಗ ನನಗೆ ಅರ್ಥವಾಯಿತು. ಐದು ಅಕ್ಷರ, ಐದು ಬೆರಳು. ಒಬ್ಬನಿಗೆ ಒಂದೇ ಅಕ್ಷರ, ಅದೂ ಹಿಂದುಮುಂದು ಮಾಡಿ. ಒಂದು ಅಕ್ಷರ ನೋಡಿದವನಿಗೆ ಸುಳ್ಳು ಹೇಳಲು ಏನು ದಾರಿ? ಯಾವ ಮಾತಿನದು ಅಂತಲೇ ಅವನಿಗೆ ತಿಳಿಯದು. ಅವರಿಗೆ ನಾನು ಎಷ್ಟು ಬೈದುಕೊಂಡಿದ್ದರೂ ಆ ಬುದ್ಧಿಗೆ ತಲೆಬಾಗಿದೆ. ನನಗೆ ಹೊಳೆದಿರಲಿಲ್ಲ.

ನಮ್ಮ ಮುಂದಿನ ಸೀಟಿನಲ್ಲಿ ಉಡುತಡಿಗೆ ಹೋಗುವ ಮೇಷ್ಟರೊಬ್ಬರು ಕೂತಿದ್ದರು. ಅವರಿಗೆ ಕೊನೆಯ ಅಕ್ಷರ ತೋರಿಸಿದರು.

'ತು' ಅಂದರು ಮೇಷ್ಟರು. 'ಏನಮ್ಮಾ ಇದು, ಒಗಟಾ?'

'ನಿಮಗ್ಯಾಕೆ ಮೇಷ್ಟ್ರೆ? ಅಕ್ಷರ ಹೇಳಿದ್ರಿ, ಸಾಕು.'

ಕಿರುಬೆರಳು ಮಡಿಸಿದರು. ನಾನು ಕಿಟಕಿಯ ಕಡೆ ನೋಡುವವಳ ಹಾಗೆ ಅವರ ಕೈಯನ್ನೇ ನೋಡುತ್ತಿದ್ದೆ. ಸೇವಿಕೆ ಬೆರಳಿಟ್ಟು ಹೇಳಿಕೊಟ್ಟದ್ದರಲ್ಲಿ ಮೂರನೆಯದು ದ, ಐದನೆಯದು ತು. ಇಲ್ಲಿಯವರೆಗೆ ಸರಿ ಇತ್ತು. ಆದರೆ ಬೇರೆ ಮಾತಿನಲ್ಲೂ ದ ಇರಬಹುದು, ತು ಇರಬಹುದು.

ಶಿರಾಳಕೊಪ್ಪದಲ್ಲಿ ಮೇಷ್ಟರು ಇಳಿದರು. ಅವರ ಜಾಗಕ್ಕೆ ತಾಯಿಯ ಜೊತೆ ಎರಡು ಜಡೆಯ ಹುಡುಗಿ ಬಂದು ಕೂತಳು. ಅತ್ತೆ ಅವಳಿಗೆ ಮೊದಲನೆಯದನ್ನು ತೋರಿಸಿದರು.

'ಎ' ಅಂದಳು ಹುಡುಗಿ. 'ಎಮ್ಮೆಯ ಎ.'

ಸೇವಿಕೆ ಹೇಳಿದ್ದೂ ಅದೇ. ಎಮ್ಮೆ ಅಂದಕೂಡಲೇ ಜಗುಲಿಯಲ್ಲಿ ಛತ್ರಿ ಮಡಿಸಿ ಒಬ್ಬಳೇ ಕೂತಿದ್ದವಳು ಕಣ್ಣಿಗೆ ಬಂದಳು. ಅತ್ತೆ ಹೆಬ್ಬೆರಳು ಮಡಿಸಿದರು.

ಶಿಕಾರಿಪುರ ಬಂತು. ಅಲ್ಲಿಂದ ನಮ್ಮೂರಿಗೆ ಗಾಡಿ ಹಿಡಿಯಬೇಕು. ಅತ್ತೆ ಗಾಡಿಯ ಕಡೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡಕ ಹಾಕಿಕೊಂಡು ಕೂತಿದ್ದವನ ಹತ್ತಿರ ಹೋಗಿ ನಾಲ್ಕನೆಯದನ್ನು ತೋರಿಸಿದರು.

'ಏನ್ ಅಜ್ಜಿ, ಇದನ್ನ ಓದಾಕ ಇಲ್ಲೀತನ ಬಂದ್ಯಾ? ಬಂ ಐತಿ. ಚಾ ಕುಡೀತೀಯಾ?'

'ಬೇಡ.'

ಉಂಗುರದ ಬೆರಳನ್ನೂ ಮಡಿಸಿದರು. ಉಳಿದದ್ದು ತೋರುಬೆರಳು. ಅದೇ, ಮಾವನವರ ಕೆಳಗಿದ್ದ ಹಾಗಿನ ಅಕ್ಷರ. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ನಾಲ್ಕು ಬೆರಳು ಮಡಿಸಿ ಒಂದು ಬೆರಳು ನೆಟ್ಟಗೆ ಇಟ್ಟುಕೊಂಡು ಬಿಸಿಲಲ್ಲಿ ನಿಂತರು, ಯಾರನ್ನೋ ಗದರಿಸುವ ಹಾಗೆ. ನಾಲ್ಕನ್ನು ಕೂಡಿಸಿದಾಗಲೇ ಅದು ಅತ್ತೆಯ ಮಾತೇ ಎಂದು ನನಗೆ ಗೊತ್ತಾಗಿ ಹೋಗಿತ್ತು. ಅವರಿಗೂ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ, ಯಾಕೆಂದರೆ ಅವರು ನನ್ನ ಮುಖ ನೋಡುವುದನ್ನು ಬಿಟ್ಟಿದ್ದರು. ಆದರೂ ಐದನೆಯವರು ಬೇಕಿತ್ತು.

ಪೇಟೆಯಲ್ಲಿ ಕಟ್ಟು ಹಾಕುವವನ ಅಂಗಡಿ ಹುಡುಕಿಕೊಂಡು ಹೋದರು. ಅವನಿಗೆ ತೋರಿಸಿದರು.

'ಲ್ಲಿಂ' ಅಂದ.

ಅತ್ತೆ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಬಿಚ್ಚಿದರು. ಎ. ಲ್ಲಿಂ. ದ. ಬಂ. ತು. ಇನ್ನೊಂದು ಸಲ. ಮೂರನೇ ಸಲ ಅದು ಅಕ್ಷರವಾಗಿ ಬರಲಿಲ್ಲ, ಅವರ ದಿನದ ದನಿಯಲ್ಲಿ ಮಾತಾಗಿ ಬಂತು. ಅಂಗಡಿಯವನು ತನ್ನನ್ನು ಕೇಳುತ್ತಿದ್ದಾರೆ ಎಂದುಕೊಂಡು, 'ಯಾವುದ್ರಿ, ಗಾಜಾ? ಗಾಜು ಹುಬ್ಬಳ್ಳಿಯಿಂದ' ಅಂದ.

ನಾನು ನಗಲಿಲ್ಲ. ಅವರೂ ನಗಲಿಲ್ಲ.

ಅತ್ತೆ ಅಂಚಿನ ಮೇಲೆ ಬೆರಳಿಟ್ಟು, 'ಮತ್ತೆ ಕಪ್ಪು ಎಂತಕ್ಕೆ?' ಅಂದರು. ನನ್ನನ್ನಲ್ಲ, ಅಂಗಡಿಯವನನ್ನು. ಆಗ ಅವನು ಕೆಂಪು ಅಂಚಿನ, ಕಪ್ಪು ಅಂಚಿನ ಪದ್ಧತಿ ಹೇಳಿದ. 'ನಿಮ್ಮ ಆನವಟ್ಟಿಯವನು ನೀವು ಹೋಗಿದ್ದೀರಿ ಅಂತ ತಿಳಿದಾನ್ರೀ' ಅಂದ.

'ನೀನು ನೋಡು. ಹೋಗಿದ್ದೀನಾ?'

'ಇಲ್ರಿ ಯವ್ವಾ.'

'ಹಾಗಾದ್ರೆ ಕಿತ್ತು ಹಾಕು ಅದನ್ನ.'

'ಕೆಂಪು ಹಾಕ್ಲೇನ್ರಿ?'

'ನಾನೇನು ದೇವರಾ? ಎಂತದೂ ಬೇಡ. ಬೋಳು ಇರಲಿ.'

ಅವನು ಕಟ್ಟು ಬಿಚ್ಚಿ ಕಪ್ಪು ಕಾಗದ ತೆಗೆದು ಗಾಜು ಕೂರಿಸಿ ಕೊಟ್ಟ. ಆ ಕಪ್ಪು ಕಾಗದವನ್ನೂ ಅತ್ತೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಇನ್ಯಾರಿಗೆ ಬಳಸುತ್ತಾನೋ ಎಂಬ ಅನುಮಾನ ಇರಬೇಕು.

ಬಸ್ ಸ್ಟ್ಯಾಂಡಿಗೆ ಬಂದೆವು. ಒಂದು ಕಡೆ ನಮ್ಮೂರ ಗಾಡಿ, ಇನ್ನೊಂದು ಕಡೆ ಆನವಟ್ಟಿಯ ಬಸ್ಸು. ನಾನು ಗಂಟು ಹಿಡಿದು ನಿಂತೆ. ಅವರು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನಾಗಿ ಬಸ್ಸು ಹತ್ತಿದರೆ, ಇವಳಿಗೆ ಗತಿಯಿಲ್ಲ ಅಂದುಕೊಳ್ಳುತ್ತಾರೆ. ಗಾಡಿ ಹತ್ತಿದರೆ, ಅವರು ಕಳಿಸಿದ ಹಾಗೆಯೇ ಆಯಿತು. ನಾನು ಕದಲಲಿಲ್ಲ. ಡ್ರೈವರು ಹಾರನ್ನು ಹೊಡೆದ. ಅತ್ತೆ ನನ್ನ ಕೈಯ ಗಂಟನ್ನು ಕಿತ್ತುಕೊಂಡು ಬಸ್ಸಿನೊಳಗೆ ಎಸೆದರು.

'ಬಳ್ಳಿ ಹೊಲಿಯಾಕೆ ದಾರ ಯಾವ ಬಣ್ಣ ಬೇಕು?' ಅಂದರು.

ಅಷ್ಟೇ. ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ನಾನೂ ಕಾಯಲಿಲ್ಲ. ಬೆಳಗಿನ ಕಂಡಕ್ಟರೇ ಸಿಕ್ಕಿದ. 'ಏನಜ್ಜಿ, ದ ಆದ್ಮೇಲೆ ಏನು ಬಂತು?' ಎಂದು ಕೇಳಿದ. 'ನಿನಗ್ಯಾಕೆ?' ಅಂದರು.

ಮನೆಗೆ ಬಂದು ನಾನು ಮಾಡಿದ್ದನ್ನು ಉಂಡರು. ಆದರೆ ಒಂದು ತಿಂಗಳು ಮೊದಲ ತುತ್ತು ನನಗೆ ತಿನ್ನಿಸಿ ಆಮೇಲೆ ತಾವು ತಿಂದರು. ಅದರಲ್ಲಿ ನನಗೆ ಬೇಜಾರಿರಲಿಲ್ಲ. ಅಕ್ಷರ ಸರಿಯಿದ್ದ ಮಾತ್ರಕ್ಕೆ ಹುಳಿ ಸರಿಯಿರಬೇಕು ಅಂತೇನಿಲ್ಲವಲ್ಲ. ಕುಪ್ಪಗಡ್ಡೆಯ ಹುಡುಗಿಗೆ ಆ ವರ್ಷವೇ ಬೇರೆ ಕಡೆ ಮದುವೆಯಾಯಿತು. ನನಗೆ ಮುಂದೆ ಇಬ್ಬರು ಮಕ್ಕಳಾದರು, ಅದಕ್ಕೂ ಈ ಬಟ್ಟೆಗೂ ಸಂಬಂಧವಿಲ್ಲ.

ಬುಧವಾರ ಜಗುಲಿಗೆ ಹೋದೆ. ಸೇವಿಕೆ ಬರಲಿಲ್ಲ. ಮುಂದಿನ ಬುಧವಾರವೂ ಬರಲಿಲ್ಲ. ಈ ಊರಿನ ಹೆಂಗಸರು ಬರುವುದಿಲ್ಲ ಎಂದು ಬರೆದುಕೊಟ್ಟು ಬೇರೆ ಊರು ತೆಗೆದುಕೊಂಡಳಂತೆ. ಅವಳ ಕೆಲಸ ಕೆಡಿಸಿದ ಮಾತು ಬಾವಿಕಟ್ಟೆಯಿಂದ ಬಂತು, ಬಾವಿಕಟ್ಟೆಗೆ ನನ್ನ ಬಾಯಿಂದ ಬಂತು. ಅವಳು ಬರೆದ ಐದು ಅಕ್ಷರದಲ್ಲಿ ಒಂದೂ ಸುಳ್ಳಿರಲಿಲ್ಲ. ಅವಳ ಪುಸ್ತಕದಲ್ಲಿ ನಾನು ಬರೆಸಿದ ಹೆಸರೊಂದೇ ಸುಳ್ಳು. ಅವಳನ್ನು ಹುಡುಕಿಕೊಂಡು ಹೋಗಲಿಲ್ಲ. ಹೋಗಬಹುದಿತ್ತು.

ಮಿಕ್ಕ ಅಕ್ಷರಗಳನ್ನು ನಾನು ಬಸ್ಸಿನ ಬೋರ್ಡು, ಕ್ಯಾಲೆಂಡರು, ಸೀಮೆಎಣ್ಣೆ ಡಬ್ಬಿಗಳಿಂದ ಕಲಿತೆ. ಅತ್ತೆಯ ಪದ್ಧತಿಯೇ: ಒಂದು ಅಕ್ಷರವನ್ನು ಒಬ್ಬರ ಹತ್ತಿರ, ಇನ್ನೊಂದನ್ನು ಇನ್ನೊಬ್ಬರ ಹತ್ತಿರ. ಯಾರ ಮೇಲೂ ಪೂರ್ತಿ ಬಿಡಲಿಲ್ಲ.

ಆ ಕಟ್ಟನ್ನು ಮಾವನವರ ಪಕ್ಕ ಹಾಕಲು ಅತ್ತೆ ಬಿಡಲಿಲ್ಲ. ಜನ ತಪ್ಪು ತಿಳಿಯುತ್ತಾರೆ ಅಂದರು. ಕಣಜದ ಕೋಣೆಯಲ್ಲಿ, ಬೇರೆ ಯಾರೂ ಹೋಗದ ಕಡೆ ತೂಗಿಹಾಕಿಸಿದರು. ಬಳ್ಳಿಯನ್ನೂ ಹೊಲಿಯಗೊಡಲಿಲ್ಲ. ಅದಕ್ಕೆ ತಾವೇ ದಾರ ತರಿಸಿದ್ದರು, ಆಮೇಲೆ ಮನಸ್ಸು ಬದಲಾಯಿಸಿದರು. ದಾರವನ್ನು ನನ್ನ ಟ್ರಂಕಿನಲ್ಲಿ ಇಟ್ಟುಕೊಂಡೆ.

ಅವರು ಹೋದದ್ದು ಎಷ್ಟೋ ವರ್ಷದ ಮೇಲೆ. ಆಗ ಕಟ್ಟನ್ನು ತಂದು ಮಾವನವರ ಪಕ್ಕ ಹಾಕಿದೆವು. ಕೆಳಗೆ ಜಾಗ ಇದೆಯಲ್ಲ, ಅಪ್ಪನ ಕೆಳಗಿರುವುದನ್ನೇ ಇಲ್ಲೂ ಹೊಲಿದುಬಿಡು ಎಂದು ನಮ್ಮ ಮನೆಯವರು ಹೇಳಿದರು. ದಾರ ಇತ್ತು. ಆ ಹೊತ್ತಿಗೆ ನನಗೆ ಅಕ್ಷರವೂ ಬರುತ್ತಿತ್ತು. ಹೊಲಿಯಲಿಲ್ಲ. ಅವರ ಮುಖದ ಕೆಳಗೆ ನಾನು ಏನು ಹೊಲಿದರೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಐದು ಜನರಿಗೆ ತೋರಿಸಿ ಬರಲು ಅವರು ಇರಲಿಲ್ಲ. ಆ ನಾಲ್ಕು ಬೆರಳು ಜಾಗ ಈಗಲೂ ಖಾಲಿ ಇದೆ.